ಗಿರಣಿಯಲ್ಲಿ ಬಹುವಚನ ಇಲ್ಲ

ಆ ಗಿರಣಿಯಲ್ಲಿ ಮಾತಿಗಿಂತ ಮುಂಚೆ ಕೈ ಬರುತ್ತಿತ್ತು. ಅಪ್ಪನ ಕಾಲದಿಂದಲೂ ಅಷ್ಟೆ. ನೀರು ಧುಮುಕುವ ಸದ್ದು, ಮರದ ಚಕ್ರಗಳ ಸದ್ದು, ಕಲ್ಲು ತಿರುಗುವ ಸದ್ದು, ಇವುಗಳ ನಡುವೆ ಯಾರಿಗೆ ಏನು ಹೇಳಿದರೂ ಕೇಳಿಸುವುದಿಲ್ಲ, ಅದಕ್ಕೇ ಹೊಡೆದು ಹೇಳ್ತೀನಿ ಎನ್ನುತ್ತಿದ್ದ ಅಪ್ಪ. ಸದ್ದೇ ಇಲ್ಲದ ಅಡುಗೆಮನೆಯಲ್ಲೂ ಹೊಡೆದೇ ಹೇಳುತ್ತಿದ್ದನಲ್ಲ, ಅದಕ್ಕೇನನ್ನಬೇಕೋ! ಪೆಟ್ಟಿನಲ್ಲಿ ಹೆಚ್ಚು ಪಾಲು ಅಣ್ಣನದು. ತಾನು ತಿಂದದ್ದನ್ನು ಅಣ್ಣ ಬಡ್ಡಿ ಸಮೇತ ತಮ್ಮನಿಗೆ ದಾಟಿಸುತ್ತಿದ್ದ. ನಡುವೆ ಹುಟ್ಟಿದವಳು ಇಬ್ಬರ ಗಾಯವನ್ನೂ ತೊಳೆದು ಬಟ್ಟೆ ಕಟ್ಟುತ್ತಿದ್ದಳು. ಊರಿನವರು ಅವಳನ್ನು ಗಿರಣಿಯಕ್ಕ ಅನ್ನುತ್ತಾರೆ. ಅವಳಿಗಿಂತ ದೊಡ್ಡವರೂ ಹಾಗೇ ಅನ್ನುತ್ತಾರೆ.

ಅಪ್ಪ ಸತ್ತ ವಾರಕ್ಕೇ ಅಣ್ಣತಮ್ಮಂದಿರು ಗಿರಣಿಯ ಮೆಟ್ಟಿಲ ಮೇಲೆ ಹೊಡೆದಾಡಿಕೊಂಡರು. ಕಾರಣ ಏನು ಅಂತ ಈಗ ಕೇಳಿದರೆ ಒಬ್ಬೊಬ್ಬ ಒಂದೊಂದು ಹೇಳುತ್ತಾನೆ. ಅಣ್ಣ ಕಬ್ಬಿಣದ ಹಾರೆಯಿಂದ ತಮ್ಮನ ಹೆಗಲ ಮೂಳೆ ಮುರಿದ. ತಮ್ಮ ಅಣ್ಣನ ಕಿವಿಯ ತುದಿ ಕಚ್ಚಿ ಉಗುಳಿದ. ಮಾರನೇ ದಿನ ಒಬ್ಬ ಕಲ್ಲುಗಣಿಗೆ ಹೋದ, ಇನ್ನೊಬ್ಬ ಪೇಟೆಯ ಬಡಗಿ ಅಂಗಡಿ ಸೇರಿದ. ಗಿರಣಿಗೆ ಬೀಗ ಬಿತ್ತು. ಹದಿನೆಂಟು ವರ್ಷ.

ಗಿರಣಿ ನಿಂತಿತು ಅಂತ ಊರು ಒಂದೇ ದಿನಕ್ಕೆ ಸಾಯಲಿಲ್ಲ. ಮೊದಲು ಬೀಸಲು ಬರುವವರು ನಿಂತರು. ಅವರು ನಿಂತದ್ದಕ್ಕೆ ಚಹಾದ ಅಂಗಡಿ ಮುಚ್ಚಿತು, ಆಮೇಲೆ ಕಮ್ಮಾರ ಹೋದ, ಬೇಕರಿ ಹೋಯಿತು, ಮಕ್ಕಳಿಲ್ಲ ಅಂತ ಶಾಲೆಯೂ ಹೋಯಿತು. ಬೀದಿಯಲ್ಲಿ ಹನ್ನೊಂದು ಬೀಗಗಳನ್ನು ಎಣಿಸಬಹುದು. ಗಿರಣಿಯಕ್ಕ ಅವುಗಳ ಮುಂದೆ ಹಾದುಹೋಗುವಾಗೆಲ್ಲ ತನ್ನ ಮನೆಯವರದೇ ತಪ್ಪು ಅನ್ನುವ ಹಾಗೆ ತಲೆ ತಗ್ಗಿಸುತ್ತಿದ್ದಳು. ಕಳೆದ ವರ್ಷ ಪೇಟೆಯಿಂದ ಒಬ್ಬ ಬಂದು ಹಳೇ ಬೇಕರಿಯ ಒಲೆಗೆ ಬೆಂಕಿ ಹಾಕಿದ. ತೀರಾ ಮರ್ಯಾದೆಯ ಮನುಷ್ಯ, ಬೆಕ್ಕಿಗೂ 'ಪಕ್ಕಕ್ಕೆ ಸರೀರಿ' ಅನ್ನುವವನು. ಕಲ್ಲಲ್ಲಿ ಬೀಸಿದ ಹಿಟ್ಟು ಸಿಕ್ಕರೆ ಇಲ್ಲೇ ಬೇರು ಬಿಡುತ್ತೇನೆ ಎಂದ. ಅದನ್ನು ಕೇಳಿ ಊರಲ್ಲಿ ಉಳಿದಿದ್ದ ಆರು ಹೊಲದ ಮನೆಗಳವರು ಕೂತು ಮಾತಾಡಿದರು. ಬಿತ್ತನೆಗೆ ಮುಂಚೆ ಗಿರಣಿ ತಿರುಗಿದರೆ ಹಳೇ ಕೆಂಪು ಗೋಧಿ ಬಿತ್ತುತ್ತೇವೆ, ತಿರುಗದಿದ್ದರೆ ಹೊಲ ಮಾರಿ ನಾವೂ ಹೊರಡುತ್ತೇವೆ ಎಂದರು. ಅವರೂ ಹೋದರೆ ಊರಿನಲ್ಲಿ ಉಳಿಯುವುದು ಗಿರಣಿಯಕ್ಕ ಮತ್ತು ಬೇಕರಿಯವನ ಬೆಕ್ಕು.

ಆದರೆ ಗಿರಣಿಗೆ ಇಬ್ಬರೂ ಬೇಕು. ಮರದ ಹಲ್ಲುಚಕ್ರಗಳನ್ನು ರಿಪೇರಿ ಮಾಡಬಲ್ಲವನು ತಮ್ಮ. ಕಲ್ಲಿಗೆ ಕಚ್ಚು ಹಾಕಬಲ್ಲವನು ಅಣ್ಣ. ಬೀಸುವ ಕಲ್ಲಿನ ಮುಖಕ್ಕೆ ಉಳಿಯಿಂದ ಸಾಲುಸಾಲಾಗಿ ಕಚ್ಚು ಕಡಿಯಬೇಕು. ಕಚ್ಚು ಚೂಪಾಗಿದ್ದರೆ ಹಿಟ್ಟು ತಣ್ಣಗೆ ಉದುರುತ್ತದೆ, ಮೊಂಡಾದರೆ ಕಾದು ಕಮಟು ವಾಸನೆ ಬರುತ್ತದೆ. ಆ ಕೆಲಸವನ್ನು ಅಪ್ಪ ಅಣ್ಣನಿಗೊಬ್ಬನಿಗೇ ಕಲಿಸಿದ್ದ, ಬೆನ್ನ ಮೇಲೆ ಬಾರಿಸಿ ಬಾರಿಸಿ.

ಕಲ್ಲುಗಣಿಯಲ್ಲಿ ಅಣ್ಣ ಅವಳನ್ನು ಕಂಡವನೇ ಕೈಯಲ್ಲಿದ್ದ ಚಕ್ಕೆಯನ್ನು ಅವಳ ಕಾಲ ಬುಡಕ್ಕೆ ಎಸೆದ.

"ಅವನೂ ಬರ್ತಾನಾ? ಬಂದ್ರೆ ಕೊಂದು ಹಾಕ್ತೀನಿ."

"ಕೊಲ್ಲುವಂತೆ. ಮೊದಲು ಕಲ್ಲಿಗೆ ಕಚ್ಚು ಹಾಕು, ಆಮೇಲೆ ನಿಧಾನಕ್ಕೆ ಕೊಲ್ಲು," ಎಂದಳು ಅವಳು. ಅಣ್ಣನಿಗೆ ನಗು ಬಂತು. ಬಂದ.

ತಮ್ಮ ಕೇಳಿದ್ದು ಎರಡೇ ಮಾತು. "ಅಕ್ಕ, ಹೊಡೀತಾನಾ?"

"ವಯಸ್ಸಾಯ್ತು ಕಣೋ ಅವನಿಗೆ. ಈಗೆಲ್ಲಿ ಹೊಡೀತಾನೆ?"

ಸುಳ್ಳು. ಮೂರನೇ ದಿನವೇ ಅಣ್ಣ, ಬೆಣೆ ತಪ್ಪಾಗಿ ಇಟ್ಟ ಅಂತ ತಮ್ಮನ ಮುಖಕ್ಕೆ ಸುತ್ತಿಗೆಯ ಹಿಡಿಯಿಂದ ಕೊಟ್ಟ. ಎರಡು ಹಲ್ಲು ಹಿಟ್ಟಿನ ಪೆಟ್ಟಿಗೆಯಲ್ಲಿ ಬಿದ್ದವು. ಗಿರಣಿಯಕ್ಕ ಅವನ್ನು ಹೆಕ್ಕಿ ಸೆರಗಿಗೆ ಕಟ್ಟಿಕೊಂಡು, ಗಾಬರಿಬಿದ್ದು ನಿಂತಿದ್ದ ಬೇಕರಿಯವನಿಗೆ "ಮೆಟ್ಟಿಲಿಂದ ಜಾರಿದ" ಎಂದಳು. ಒಂಬತ್ತನೇ ದಿನ ಅಣ್ಣ ಕಾಲಿನಿಂದ ಒದ್ದ ಏಣಿ ತಮ್ಮನ ಸಮೇತ ಬಿತ್ತು. ಆವತ್ತೂ ಅವಳು ಜಾರಿದ ಎಂದಳು. ಎಷ್ಟು ಸಲ ಜಾರುತ್ತಾನೆ ಒಬ್ಬ ಮನುಷ್ಯ! ತಮ್ಮ ಮಾತ್ರ ತುಟಿ ಪಿಟಕ್ಕೆನ್ನದೆ ಬಾಯಿ ಮುಕ್ಕಳಿಸಿ ಮತ್ತೆ ಉಳಿ ಹಿಡಿಯುತ್ತಿದ್ದ. ಅವಳು ದಿನ ಎಣಿಸುತ್ತಿದ್ದಳು. ಚಕ್ರ ತಿರುಗಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅಮ್ಮನೂ ಹಾಗೇ ಹೇಳಿಕೊಳ್ಳುತ್ತಿದ್ದಳು.

ಬೇಕರಿಯವನು ಬಿಡುವಿದ್ದಾಗೆಲ್ಲ ಕೈಜೋಡಿಸುತ್ತಿದ್ದ. ಅವನಿಗೆ ಮೊದಲು ಕಲಿಸಿದ್ದು ಗಿರಣಿಯ ಭಾಷೆ. ಕಾಲುವೆಯ ತೂಬು ಕಟ್ಟಡದ ಹಿಂದೆ ಇದೆ. ಅಲ್ಲಿ ನಿಂತವರಿಗೆ ಒಳಗಿನದು ಕಾಣುವುದಿಲ್ಲ, ನೀರಿನ ಅಬ್ಬರದಲ್ಲಿ ಹೆಚ್ಚೇನೂ ಕೇಳಿಸುವುದೂ ಇಲ್ಲ. ಅದಕ್ಕೆ ಹಿಂಬಾಗಿಲಲ್ಲಿ ನಿಂತು ಕೂಗುವುದು ಎರಡೇ ಮಾತು. 'ಬಿಡು' ಅಂದರೆ ತೂಬಿನ ಹಲಗೆ ಎತ್ತಿ ನೀರು ಬಿಡು. 'ಕಟ್ಟು' ಅಂದರೆ ಹಲಗೆ ಇಳಿಸಿ ನೀರು ಕಟ್ಟು.

"ನಿಮಗೆ ಹೇಗೆ ಬಿಡು ಅನ್ನಲಿ ಅಕ್ಕಾ? ಬಿಡಿ ಅಂತೀನಿ," ಎಂದ ಬೇಕರಿಯವನು, ನಾಲಗೆ ಕಚ್ಚಿಕೊಂಡು.

"ಗಿರಣಿಯಲ್ಲಿ ಬಹುವಚನ ಇಲ್ಲ," ಎಂದಿದ್ದ ಅಣ್ಣ. "ತೂಬಿನ ಹತ್ರ ಅಜ್ಜ ನಿಂತಿದ್ರೂ ಬಿಡು ಅಂತಲೇ ಕೂಗಿದ್ದು ನಾವು. ಬಿಡಿ ಅಂದ್ರೆ ಬಡಿ ಅಂತ ಕೇಳ್ಸುತ್ತೆ, ಕಡಿ ಅಂತ ಕೇಳ್ಸುತ್ತೆ. ಬಿಡು ಅನ್ನು."

ಪಾಪ, ಬೇಕರಿಯವನು ಒಲೆಯ ಮುಂದೆ ಒಬ್ಬನೇ ನಿಂತು ಬಿಡು, ಬಿಡು ಅಂತ ಅಭ್ಯಾಸ ಮಾಡಿದನಂತೆ.

ಕೆಳಗಿನ ಕಲ್ಲಿಗೆ ಅಣ್ಣ ಕಚ್ಚು ಹಾಕಿ ಮುಗಿಸಲು ಹನ್ನೆರಡು ದಿನ ಹಿಡಿಯಿತು. ಮೇಲಿನ ಕಲ್ಲನ್ನು ಮಗುಚಿ ಅಟ್ಟದ ನೆಲದ ಮೇಲೆ ಇಟ್ಟಿದ್ದರು. ಬಿತ್ತನೆಗೆ ಉಳಿದದ್ದು ಎಂಟೇ ದಿನ. ಅಂಥ ಹೊತ್ತಿನಲ್ಲಿ ಅಣ್ಣ, ಉಳಿಗಳ ಹದ ಹೋಗಿದೆ, ಕಲ್ಲುಗಣಿಯ ಕುಲುಮೆಯಲ್ಲೇ ಕಾಸಿಸಬೇಕು ಎಂದು ಚೀಲ ಹೆಗಲಿಗೇರಿಸಿ ಹೊರಟ. ಎರಡು ದಿನ ಹಾಳು. ಗಿರಣಿಯಕ್ಕ, ಬಸ್ಸು ತಿರುವು ದಾಟುತ್ತಿದ್ದಂತೆ ತಮ್ಮನ ಮುಂದೆ ಬಂದು ನಿಂತಳು.

"ನಿನ್ನ ಅಂಗಡಿಯಲ್ಲಿ ಮರ ಕೊಯ್ಯೋ ಕರೆಂಟ್ ಮಷಿನ್ ಇದೆಯಲ್ಲ, ಕಲ್ಲು ಕೊಯ್ಯೋ ಅಲಗು ಹಾಕಿಸಿ ತಗೊಂಡು ಬಾ."

"ಅಕ್ಕ, ಅದು ಆಗಲ್ಲ. ಅಣ್ಣ ಸಿಗಿದು ಹಾಕ್ತಾನೆ."

"ಅಣ್ಣನಿಗೆ ನಾನು ಹೇಳ್ಕೋತೀನಿ. ಮಷಿನ್ ತರಿಸಿದ್ದು ನಾನೇ ಅಂತೀನಿ. ನೀನು ಸುಮ್ನೆ ಮಾಡು."

ತಮ್ಮ ತಂದ. ಕಲ್ಲಿನ ಧೂಳಿನಲ್ಲಿ ಬೆಳ್ಳಗಾಗಿ ಒಂದೂವರೆ ದಿನದಲ್ಲಿ ಮೇಲಿನ ಕಲ್ಲಿನ ಇಡೀ ಮುಖಕ್ಕೆ ಗೆರೆ ಎಳೆದ. ನೋಡಲು ಅಚ್ಚುಕಟ್ಟು, ಅಳತೆಪಟ್ಟಿ ಇಟ್ಟ ಹಾಗೆ. ಕೈಯಾಡಿಸಿದರೆ ಗಾಜಿನ ಹಾಗೆ ಜಾರುತ್ತಿತ್ತು. ಅದು ಒಳ್ಳೆಯದಲ್ಲ ಅಂತ ಗಿರಣಿಯಲ್ಲಿ ಹುಟ್ಟಿದ ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೈ ಹಿಂದಕ್ಕೆಳೆದುಕೊಂಡು, ಚೆನ್ನಾಗಿದೆ ಎಂದಳು.

ಅಣ್ಣ ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದ. ಅಂದು ಕಲ್ಲಿಲ್ಲದೆ ಚಕ್ರಗಳನ್ನಷ್ಟೇ ತಿರುಗಿಸಿ ನೋಡುವುದು ಎಂದು ಮೊದಲೇ ಮಾತಾಗಿತ್ತು. ಅಣ್ಣ ಚೀಲ ಹೊತ್ತು ಬೀದಿಯ ತುದಿಯಲ್ಲಿ ಕಂಡದ್ದೇ ತಡ, ಗಿರಣಿಯಕ್ಕ ಪೊರಕೆ ಹಿಡಿದು, ತೂಬಿಗೆ ಸಿಕ್ಕಿದ ಎಲೆ ತೆಗೀತೀನಿ ಎಂದು ಹಿಂದಕ್ಕೆ ಹೋದಳು. ಹೇಳ್ತೀನಿ ಅಂದಿದ್ದಳಲ್ಲ? ಹೇಳಲಿಲ್ಲ. ಹೆದರಿದಳು, ಬೇರೆ ಏನೂ ಇಲ್ಲ. ಚಕ್ರ ತಿರುಗಿದ ಖುಷಿಯಲ್ಲಿ ಅವನ ಕೋಪ ಅರ್ಧ ಇಳಿದಿರುತ್ತದೆ, ಆಗ ಹೇಳಿದರಾಯಿತು ಎಂದು ಲೆಕ್ಕ ಹಾಕಿದಳು. ತೂಬಿನ ಸನ್ನೆಕೋಲು ಹಿಡಿದು ಕೂಗಿಗೆ ಕಾದು ನಿಂತಳು.

ಒಳಗೆ ಆದದ್ದನ್ನು ಆಮೇಲೆ ಬೇಕರಿಯವನು ಹೇಳಿದ. ಅಣ್ಣ ಅಟ್ಟ ಹತ್ತಿ ಕಲ್ಲು ನೋಡಿದ. ಬಗ್ಗಿ ಅಂಗೈ ಆಡಿಸಿದ. ಮೇಲೆದ್ದವನು ಮಾತಿಲ್ಲ ಕತೆಯಿಲ್ಲ, ಹೊಸದಾಗಿ ಕಾಸಿದ ಉಳಿಯ ಚೀಲವನ್ನೇ ಬೀಸಿ ತಮ್ಮನ ತಲೆಗೆ ಹೊಡೆದ. ತಮ್ಮನ ಹುಬ್ಬು ಸೀಳಿ ಕಣ್ಣು ಮುಚ್ಚಿಹೋಯಿತು. ಅಣ್ಣ ಅವನ ಕೂದಲು ಹಿಡಿದು, ಅದೇ ಕಲ್ಲಿನ ಮೇಲೆ ಮುಖ ಉಜ್ಜಿದ.

"ಮೂಸು! ಮೂಸು ನೋಡು, ಕಲ್ಲು ಸತ್ತಿದೆ! ಯಾರು ಹೇಳಿದ್ದೋ ನಿನಗೆ? ಯಾರೋ ಹೇಳಿದ್ದು?"

ಅದನ್ನೇ ಕೇಳುತ್ತಿದ್ದನಂತೆ, ಪ್ರತಿ ಗುದ್ದಿಗೂ. ಯಾರು ಹೇಳಿದ್ದು, ಯಾರು ಹೇಳಿದ್ದು. ತಮ್ಮ ಒಂದೇ ಉತ್ತರ ಕೊಟ್ಟ. "ನಾನೇ."

ಹೊಡೆತ ತಪ್ಪಿಸಿಕೊಳ್ಳಲು ತಮ್ಮ ಮೆಟ್ಟಿಲಿಗೆ ಓಡಿದ, ಅಣ್ಣ ಬೆನ್ನಿಗೆ ಒದ್ದ, ಇಬ್ಬರೂ ಉರುಳಿ ಕೆಳಗೆ ಬಿದ್ದರು. ಕೆಳಗೆ ಗೋಡೆಯ ಪಕ್ಕದಲ್ಲೇ ದೊಡ್ಡ ಹಲ್ಲುಚಕ್ರ ಮತ್ತು ಅದಕ್ಕೆ ಕಚ್ಚಿಕೊಂಡ ಸಣ್ಣ ಚಕ್ರ. ಅಣ್ಣ ತಮ್ಮನನ್ನು ಎತ್ತಿ ಆ ಚಕ್ರಕ್ಕೇ ಒರಗಿಸಿ, ಬಲಗೈಯಲ್ಲಿ ಕುತ್ತಿಗೆ ಹಿಸುಕಿದ. ಎಡಗೈಯಲ್ಲಿ ಎದೆಗೆ ಗುದ್ದುತ್ತಲೇ ಇದ್ದ. ತಮ್ಮನ ನಾಲಗೆ ಹೊರಬಂತು. ಕಾಲುಗಳು ನೆಲ ಕೆರೆದವು. ಆಮೇಲೆ ಕೆರೆಯುವುದೂ ನಿಂತಿತು.

ಅಟ್ಟದಿಂದ ಅವರ ಹಿಂದೆಯೇ ಓಡಿ ಇಳಿದು ಹಿಂಬಾಗಿಲ ಬಳಿ ನಿಂತ ಬೇಕರಿಯವನಿಗೆ ಜೀವವೇ ಬಾಯಿಗೆ ಬಂತು. ಜನ್ಮದಲ್ಲಿ ಯಾರಿಗೂ ಏಕವಚನ ಆಡದವನ ಮರ್ಯಾದೆಯೆಲ್ಲ ಆ ಗಳಿಗೆಯಲ್ಲಿ ಹಾರಿಹೋಯಿತು.

"ಬಿಡು! ಬಿಡು! ಬಿಡೂ!"

ಅವನು ಕೂಗಿದ್ದು ಅಣ್ಣನಿಗೆ. ಕುತ್ತಿಗೆ ಬಿಡು ಅಂತ. ಕೇಳಿಸಿದ್ದು ಗಿರಣಿಯಕ್ಕನಿಗೆ. ಬಿಡಿ ಅಂದಿದ್ದರೆ ಇದೇನೋ ಬೇರೆ ಅಂತ ಅವಳು ತಡೆಯುತ್ತಿದ್ದಳೋ ಏನೋ. ಅಪ್ಪಟ ಗಿರಣಿಯ ಮಾತು ಬಂದಮೇಲೆ ಯೋಚನೆ ಎಲ್ಲಿಯದು? ಸನ್ನೆಕೋಲಿನ ಮೇಲೆ ಮೈಯೆಲ್ಲ ಭಾರ ಹಾಕಿ ಜಗ್ಗಿದಳು. ಹಲಗೆ ಎದ್ದಿತು. ಹದಿನೆಂಟು ವರ್ಷ ಒಣಗಿದ್ದ ಹೊರಗಿನ ನೀರುಚಕ್ರದ ಮೇಲೆ ನೀರು ದಬದಬ ಬಿತ್ತು, ಚಕ್ರ ನರಳಿತು, ಅಲುಗಿತು, ತಿರುಗಿತು. ಅವಳ ಎದೆ ತುಂಬಿ ಬಂತು. "ತಿರುಗಿತು ಕಣೋ!" ಎಂದು ಒಬ್ಬಳೇ ಕೂಗಿ ನಕ್ಕಳು. ನಗು ಮುಗಿಯುವ ಮೊದಲೇ ಒಳಗಿನಿಂದ ಕಿರುಚಾಟ ಕೇಳಿಸಿತು.

ಕಟ್ಟು ಎಂದು ಯಾರೂ ಕೂಗಲಿಲ್ಲ. ಅವಳೇ ಹಲಗೆ ಕೆಡವಿದಳು. ಆದರೆ ಅಷ್ಟು ಭಾರದ ಚಕ್ರ ಕೂಡಲೇ ನಿಲ್ಲುತ್ತದೆಯೇ? ಇನ್ನೂ ಎರಡು ಸುತ್ತು ಹಾಕಿಯೇ ನಿಂತಿತು.

ಓಡಿ ಒಳಗೆ ಬಂದಾಗ ತಮ್ಮ ನೆಲದ ಮೇಲೆ ಬಿದ್ದು ಗೊರಗೊರ ಉಸಿರೆಳೆಯುತ್ತಿದ್ದ. ಅಣ್ಣ ನಿಂತೇ ಇದ್ದ. ಚಕ್ರ ಅಲುಗಿದಾಗ ತೋಳಂಗಿ ಹಲ್ಲಿಗೆ ಸಿಕ್ಕಿ, ತಮ್ಮನ ಕುತ್ತಿಗೆಯಿಂದ ಕಿತ್ತುಹೋದ ಬಲಗೈ ಮೊಣಕೈವರೆಗೂ ಎರಡು ಚಕ್ರಗಳ ಹಲ್ಲಿನ ನಡುವೆ ಇತ್ತು. ಹೊಸ ಮರದ ಹಲ್ಲುಗಳು, ತಮ್ಮ ಒಂದೊಂದಾಗಿ ಕೆತ್ತಿ ಕೂರಿಸಿದವು, ಕೆಂಪಾಗಿದ್ದವು. ಮೂಳೆ ಬೆಳ್ಳಗೆ ಹೊರಗೆ ಚಾಚಿತ್ತು. ಅಣ್ಣ ಕಿರುಚುವುದನ್ನು ನಿಲ್ಲಿಸಿ, ಅದು ಬೇರೆ ಯಾರದೋ ಕೈ ಅನ್ನುವ ಹಾಗೆ ನೋಡುತ್ತಿದ್ದ. ಬೇಕರಿಯವನು ಮೂಲೆಯಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ.

ತಮ್ಮ ತೆವಳಿಕೊಂಡು ಬಂದ. ಮಾತು ಹೊರಡುತ್ತಿರಲಿಲ್ಲ. ಹಾರೆ ತಗೊಂಡು ಸಣ್ಣ ಚಕ್ರದ ಹಲ್ಲುಗಳನ್ನು ಹೊಡೆದು ಹೊಡೆದು ಮುರಿದ, ಎರಡು ವಾರದ ತನ್ನ ಕೆಲಸವನ್ನು ತಾನೇ ಪುಡಿ ಮಾಡಿದ. ತನ್ನ ಬೆಲ್ಟು ಬಿಚ್ಚಿ ಅಣ್ಣನ ತೋಳಿಗೆ ಬಿಗಿದು, ಅವನನ್ನು ಹೆಗಲ ಮೇಲೆ ಹಾಕಿಕೊಂಡು ಬೇಕರಿಯ ವ್ಯಾನಿಗೆ ಹೊತ್ತ. ಮುರಿದು ಕೂಡಿದ್ದ ಅದೇ ಹೆಗಲು.

ಆಸ್ಪತ್ರೆಯಲ್ಲಿ ಕೈಯನ್ನು ಮೊಣಕೈ ಹತ್ತಿರಕ್ಕೆ ತೆಗೆದರು. ನಾಲ್ಕು ದಿನ ಅಣ್ಣ ಯಾರ ಜೊತೆಯೂ ಮಾತಾಡಲಿಲ್ಲ. ತಮ್ಮ ಆ ನಾಲ್ಕು ದಿನವೂ ವಾರ್ಡಿನ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಕುತ್ತಿಗೆಯಲ್ಲಿ ಐದು ಬೆರಳೂ ನೀಲಿಯಾಗಿ ಎದ್ದಿದ್ದವು, ನೀರು ನುಂಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಒಳಗೆ ಬಾ ಅಂದರೆ ತಲೆ ಅಲ್ಲಾಡಿಸುತ್ತಿದ್ದ.

ಐದನೇ ದಿನ ಬೆಳಿಗ್ಗೆ ಗಿರಣಿಯಕ್ಕ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಹೇಳಿದಳು.

"ಹೊಲದ ಮನೆಯವರು ಬಂದಿದ್ರು. ಮಳೆ ತಡ ಆಗಿದೆಯಂತೆ. ಇನ್ನು ಹತ್ತು ದಿನ ಕಾಯ್ತಾರಂತೆ. ಹತ್ತೇ."

ಅಣ್ಣ ಸೂರು ನೋಡುತ್ತಲೇ ಬಾಯಿ ಬಿಟ್ಟ. "ಮಷಿನ್ ಹಾಕಿದ ಮುಖ ಬೆರಳು ದಪ್ಪ ತೆಗೀಬೇಕು. ಆಮೇಲೆ ಕಚ್ಚು. ಕಲ್ಲುಗಣಿಯಿಂದ ಇಬ್ಬರು ಹುಡುಗರನ್ನ ಕರೆಸು. ನಾನು ಕೂತು ಹೇಳ್ತೀನಿ, ಅವರು ಕಡೀಲಿ. ಆಗತ್ತೆ." ಅವಳ ಮುಖ ಅರಳುವಷ್ಟರಲ್ಲಿ ಅವನು ಮುಂದುವರಿಸಿದ. "ಒಂದೇ ಮಾತು. ಅವನು ಇನ್ನು ಗಿರಣಿ ಹೊಸಲು ತುಳೀಬಾರ್ದು. ಊರಲ್ಲೇ ಇರಬಾರ್ದು. ಕಲ್ಲು ಕೊಂದವನು ಅವನು. ಅವನಿಂದಲೇ ನನ್ನ ಕೈ ಹೋಯ್ತು."

ಆರು ಹೊಲದ ಮನೆ, ಬೇಕರಿ, ಹನ್ನೊಂದು ಬೀಗ, ಎಲ್ಲ ಅವಳ ಕಣ್ಣ ಮುಂದೆ ಬಂದವು. ಹೂಂ ಅಂದರೆ ಸಾಕಿತ್ತು. ಮೆಟ್ಟಿಲ ಮೇಲಿನವನು ಎದುರಾಡುತ್ತಿರಲಿಲ್ಲ, ಎದ್ದು ಚೀಲ ಹಿಡಿದು ಹೋಗುತ್ತಿದ್ದ. ಆ ಹೂಂ ಗಂಟಲವರೆಗೂ ಬಂದದ್ದು ನಿಜ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಅಣ್ಣ, ಮಷಿನ್ ತರಿಸಿದ್ದು ನಾನು," ಎಂದಳು. "ಅವನು ಬೇಡ ಅಂದ. ನಾನೇ ಬಲವಂತ ಮಾಡಿದೆ. ನಿನಗೆ ಹೇಳ್ತೀನಿ ಅಂತ ಮಾತು ಕೊಟ್ಟು, ಹೆದರಿ ತೂಬಿನ ಹತ್ರ ಬಚ್ಚಿಟ್ಕೊಂಡೆ."

ಮಲಗಿದವನು ಅಷ್ಟು ಬೇಗ ಏಳುತ್ತಾನೆಂದು ಅವಳು ಎಣಿಸಿರಲಿಲ್ಲ. ಎಡಗೈ ಅವಳ ಮುಖಕ್ಕೆ ಅಪ್ಪಳಿಸಿತು. ಸ್ಟೂಲಿನ ಸಮೇತ ಉರುಳಿದಳು, ಹಣೆ ಕಬ್ಬಿಣದ ಮಂಚದ ಕಾಲಿಗೆ ಬಡಿಯಿತು, ತುಟಿ ಒಡೆದು ರಕ್ತ ಬಾಯಿ ತುಂಬಿತು. ಪಕ್ಕದ ಮಂಚದ ಮುದುಕ "ಅಯ್ಯೋ!" ಎಂದು ಅರಚಿದ. ನರ್ಸ್ ಓಡಿಬಂದು "ಏನ್ರೀ ಇದು, ಆಸ್ಪತ್ರೆನೋ ಕುಸ್ತಿ ಅಖಾಡನೋ!" ಎಂದು ಅಣ್ಣನನ್ನು ದಿಂಬಿಗೆ ಒತ್ತಿ ಹಿಡಿದಳು. ಅವನ ಕಟ್ಟಿನಲ್ಲಿ ರಕ್ತ ಒಸರಿತು.

"ಮತ್ತೆ ಅವನು ಯಾಕೆ ಹೇಳ್ಲಿಲ್ಲ?" ಅಣ್ಣ ಏದುಸಿರು ಬಿಡುತ್ತ ಕೂಗಿದ. "ಅಷ್ಟು ಕೇಳಿದೆನಲ್ಲ! ಯಾರು ಹೇಳಿದ್ದು, ಯಾರು ಹೇಳಿದ್ದು ಅಂತ. ಸಾಯ್ತಾ ಇದ್ದಾಗ್ಲೂ ಯಾಕೆ ನಾನೇ ನಾನೇ ಅಂದ?"

ಗಿರಣಿಯಕ್ಕ ನೆಲದಿಂದ ಎದ್ದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಆ ರಕ್ತವನ್ನು ಅವನ ಕಣ್ಣ ಮುಂದೆ ಹಿಡಿದಳು.

"ಇದಕ್ಕೇ ಹೇಳ್ಲಿಲ್ಲ."

ಗಿರಣಿಯಕ್ಕನಿಗೆ ಐವತ್ತು ವರ್ಷದಿಂದ ಒಳಗೆ ಕಟ್ಟಿಕೊಂಡಿದ್ದು ಒಂದೇ ಸಲಕ್ಕೆ ಹೊರಬಂತು.

"ಅಪ್ಪನ ಗಿರಣಿ ವಾಪಸ್ ತರೋಣ ಅಂತ ಹೊರಟೆ. ಅಪ್ಪನ ಕೈಯನ್ನೂ ತಂದ್ಬಿಟ್ಟೆ. ಅವನು ಜಾರಿದ, ಜಾರಿದ ಅಂತ ನಾನೇ ಊರಿಗೆಲ್ಲ ಸುಳ್ಳು ಹೇಳ್ದೆ. ನಿನ್ನ ಕೈ ಹೋಗಿದ್ದು ನನ್ನಿಂದ, ಒಪ್ಪಿದೆ, ಸಾಯೋವರೆಗೂ ಹೊತ್ಕೋತೀನಿ. ಆದ್ರೆ ಕೇಳು. ಅವನಿಲ್ಲದ ಗಿರಣಿ ನನಗೆ ಬೇಡ. ಇನ್ನೊಂದು ಸಲ ಅಲ್ಲಿ ಯಾರ ಮೇಲೆ ಯಾರ ಕೈ ಎದ್ರೂ ನಾನೇ ಬೆಂಕಿ ಇಡ್ತೀನಿ. ಊರು ಉಳಿದ್ರೆ ಉಳೀಲಿ, ಹಾಳಾದ್ರೆ ಹಾಳಾಗ್ಲಿ!"

ಇಷ್ಟು ಹೇಳಿ ಗೋಡೆ ಹಿಡಿದು ನಿಂತಳು. ಊರು ಹಾಳಾಗಲಿ ಅಂದದ್ದು ತಾನೇನಾ ಎಂದು ಅವಳಿಗೇ ನಂಬಿಕೆ ಬರಲಿಲ್ಲ.

ಅಣ್ಣ ತನ್ನ ಎಡಗೈ ನೋಡಿಕೊಂಡ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಎಲ್ಲಿದ್ದಾನೆ?" ಎಂದ.

"ಮೆಟ್ಟಿಲ ಮೇಲೆ. ನಾಲ್ಕು ದಿನದಿಂದ."

"ಕರಿ."

ಅವಳು ಹೋಗಿ ಕರೆದಳು. ತಮ್ಮ ಅವಳ ಒಡೆದ ತುಟಿ ನೋಡಿದವನೇ ಏನಾಗಿದೆ ಎಂದು ಕೇಳದೆ, ಅವಳ ಮುಂದೆ ನಡೆದು ಒಳಗೆ ಬಂದ. ಮಂಚದಿಂದ ಒಂದು ಮಾರು ದೂರದಲ್ಲಿ ನಿಂತ. ಅಣ್ಣ ಅವನ ಕುತ್ತಿಗೆಯ ನೀಲಿ ಬೆರಳುಗಳನ್ನು ನೋಡಿದ. ಆ ಕೈ ಈಗ ಇರಲಿಲ್ಲ, ಗುರುತು ಮಾತ್ರ ಇತ್ತು.

"ಹತ್ರ ಬಾರೋ."

ತಮ್ಮ ಬಂದ. ಅಣ್ಣ ಅವನ ಕೆನ್ನೆ ಸವರಲು ಎಡಗೈ ಎತ್ತಿದ.

ಕೈ ಎದ್ದದ್ದೇ ತಡ, ನಲವತ್ತೈದು ವರ್ಷದ ಗಂಡಸು ಎರಡು ತೋಳಿನಿಂದಲೂ ತಲೆ ಮುಚ್ಚಿಕೊಂಡು ಅಲ್ಲೇ ಕುಕ್ಕರಿಸಿಬಿಟ್ಟ. ಅಣ್ಣನ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಗಿರಣಿಯಕ್ಕ ಮುಖ ತಿರುಗಿಸಿದಳು, ನೋಡಲಾಗಲಿಲ್ಲ. ಅಣ್ಣ ಕೈಯನ್ನು ನಿಧಾನವಾಗಿ ಇಳಿಸಿ, ತನ್ನ ತೊಡೆಯ ಕೆಳಗೆ ಸೇರಿಸಿ, ಅದರ ಮೇಲೆ ಭಾರ ಹಾಕಿ ಕೂತ.

"ಹೊಡೆಯಲ್ಲ ಕಣೋ," ಎಂದ. "ನೋಡು, ಹೊಡೆಯಲ್ಲ. ಮೇಲೆ ಕೂತ್ಕೋ."

ತಮ್ಮ ತೋಳುಗಳ ಸಂದಿಯಿಂದ ನೋಡಿದ. ಎದ್ದ. ಕೂರಲಿಲ್ಲ. ಕೈ ಎಟುಕದಷ್ಟು ಹಿಂದೆ ಸರಿದು, ಗೋಡೆಗೆ ಬೆನ್ನು ಕೊಟ್ಟು, ಹಿಸುಕಿದ ಗಂಟಲಿನಿಂದ ನಾಲ್ಕು ದಿನಗಳಲ್ಲಿ ಮೊದಲ ಸಲ ಮಾತಾಡಿದ.

"ಕಲ್ಲಿಗೆ ಕಚ್ಚು ಯಾವ ಕಡೆಯಿಂದ ಶುರು ಮಾಡಲಿ?"